ವಿಮಾನವನ್ನು ಊಟಕ್ಕೆ ಕರೆದವಳು

ಯಳವತ್ತಿಯ ನೀಲವ್ವ ಹೊಲದಲ್ಲಿ ನಿಂತು "ಊಟಕ್ಕ ಬರ್ರಿ" ಎಂದು ಸೆರಗು ಬೀಸಿದಳು. ಮೇಲೆ ತನ್ನ ಪಾಡಿಗೆ ತಾನು ಹೊರಟಿದ್ದ ವಿಮಾನ ಆ ಕರೆಗೆ ಕೆಳಗಿಳಿಯಿತು. ನೆಟ್ಟಗೆ ಇಳಿಯಲಾರದೆ ಮಗುಚಿತು. ಒಳಗಿದ್ದ ಇಬ್ಬರಲ್ಲಿ ಒಬ್ಬ ಸತ್ತ. ನಮ್ಮ ಸೀಮೆಯಲ್ಲಿ ಈ ಕಥೆಯನ್ನು ಯಾರ ಬಾಯಿಂದ ಕೇಳಿದರೂ ಇಷ್ಟೇ ಇರುತ್ತದೆ. ಗದಗಿನ ಸ್ಟೇಶನ್ನಿನ ಚಹಾದಂಗಡಿಯಲ್ಲಿ ಕೇಳಿ, ಲಕ್ಷ್ಮೇಶ್ವರದ ಸಂತೆಯಲ್ಲಿ ಕೇಳಿ, ಮುಳಗುಂದದ ಅಗಸಿಯ ಕಟ್ಟೆಯ ಮೇಲೆ ಕೇಳಿ. ಹೇಳುವವರೆಲ್ಲ ಕಣ್ಣಾರೆ ಕಂಡವರು. ಅವತ್ತು ಆ ಹೊಲದಲ್ಲಿ ನಿಜವಾಗಿ ಅಷ್ಟು ಜನ ನಿಂತಿದ್ದರೆ ವಿಮಾನ ಬೀಳುವುದಕ್ಕೆ ಜಾಗವೇ ಇರುತ್ತಿರಲಿಲ್ಲ.

ನನ್ನ ಆಕ್ಷೇಪಣೆ ಸರಳವಾದದ್ದು. ಹಿಟ್ಟಿನ ಗಿರಣಿಗಿಂತ ಹತ್ತು ಪಟ್ಟು ಸದ್ದು ಮಾಡುವ ಯಂತ್ರದೊಳಗೆ, ಗಿಡುಗ ಹಾರುವಷ್ಟು ಎತ್ತರದಲ್ಲಿ ಕುಳಿತವನಿಗೆ ನೆಲದ ಮೇಲಿನ ಹೆಣ್ಣುಮಗಳ ಕರೆ ಕೇಳುವುದು ಹೇಗೆ? ನಮ್ಮಜ್ಜ ಪಡಸಾಲೆಯಿಂದ ಕರೆದರೆ ಅಡುಗೆಮನೆಗೆ ಕೇಳುವುದಿಲ್ಲ. ಕೇಳಲಿಲ್ಲ, ಕಂಡಿತು ಎನ್ನುವುದಾದರೆ, ಕಂಡ ಸೆರಗಿಗೆಲ್ಲ ಇಳಿಯುವ ವಿಮಾನ ಮುಂಬಯಿಯಿಂದ ಹೊರಟು ಹುಬ್ಬಳ್ಳಿಯನ್ನೂ ಮುಟ್ಟಲಾರದು. ಇನ್ನೊಂದು ಆಕ್ಷೇಪಣೆಯೂ ಇದೆ: ನೀಲವ್ವ ನನ್ನ ಚಿಗವ್ವ, ನಮ್ಮವ್ವನ ಖಾಸಾ ತಂಗಿ. ಇದು ವಾದವಲ್ಲ ಎಂಬುದು ನನಗೂ ಗೊತ್ತು. ಚರ್ಚಾಸ್ಪರ್ಧೆಯಲ್ಲಿ ಹೀಗೆ ಹೇಳಿದರೆ ಅಧ್ಯಕ್ಷರು ಗಂಟೆ ಬಾರಿಸಿ ಕೂರಿಸುತ್ತಾರೆ. ಇಲ್ಲಿ ಗಂಟೆ ಇಲ್ಲವಲ್ಲ, ಹೇಳುತ್ತೇನೆ.

ಇದೆಲ್ಲ ಮತ್ತೆ ನೆನಪಾದದ್ದು ಬೆಟಗೇರಿಯ ಗೆಳತಿಯೊಬ್ಬಳ ಮನೆಯಲ್ಲಿ. ನೇಕಾರರ ಮನೆ. ಅವರಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರು, ಕೆಲಸ ನಿಲ್ಲಿಸದೆಯೇ ಮಾತಾಡುತ್ತಿದ್ದರು. ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಿದ್ದ ತಗಡನ್ನು ನಾನು ಸುಮ್ಮನೆ ಮುಟ್ಟಿದೆ.

"ನೋಡ್ರಿ, ಕೈಯಾಗ ಹಿಡದು ನೋಡ್ರಿ. ಎಷ್ಟ ಹಗರ ಐತಿ. ಅದು ವಿಮಾನದ ತಗಡು."

"ಯಾವ ವಿಮಾನರಿ?"

"ಯಾವುದು ಅಂದ್ರ? ಆ ನೀಲವ್ವ ಕರದಿದ್ಲಲ್ಲ, ಅದು."

ನಾನು ತಗಡನ್ನು ತಿರುಗಿಸಿ ನೋಡಿದೆ. ಒಳಮೈಯಲ್ಲಿ ಎಣ್ಣೆ ಕಂಪನಿಯ ಅರ್ಧ ಅಳಿಸಿದ ಮುದ್ರೆ ಇತ್ತು. ಹೇಳಲು ಬಾಯಿ ತೆರೆದವಳು, ಆ ಮನುಷ್ಯನ ಮುಖದ ಮೇಲಿದ್ದ ಹೆಮ್ಮೆ ನೋಡಿ ಮುಚ್ಚಿಕೊಂಡೆ. ನನ್ನ ಬಾಯಿ ತೆರೆದು ಮಾತಿಲ್ಲದೆ ಮುಚ್ಚಿದ್ದು ಅದೇ ಮೊದಲೆಂದು ಗೆಳತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಇಂಥ ತಗಡುಗಳನ್ನು ನಾನು ಹರ್ತಿಯಲ್ಲಿ ಕಂಡಿದ್ದೇನೆ, ಮುಳಗುಂದದಲ್ಲಿ ಕಂಡಿದ್ದೇನೆ, ಶಿರಹಟ್ಟಿಯಲ್ಲಿ ಒಬ್ಬರ ಕೋಳಿಗೂಡಿಗೆ ಬಾಗಿಲಾದದ್ದನ್ನೂ ಕಂಡಿದ್ದೇನೆ. ಎಲ್ಲವನ್ನೂ ಕೂಡಿಸಿದರೆ ನಮ್ಮ ಹೊಸ ಮೈಸೂರು ರಾಜ್ಯಕ್ಕೆ ತನ್ನದೇ ಒಂದು ವಿಮಾನದಳ ಆದೀತು.

ನಮ್ಮ ನಾಲ್ಕು ಊರುಗಳ ನಡುವೆ ಬಿದ್ದ ವಿಮಾನ ಅದೊಂದೇ ಎಂದೂ ಅಲ್ಲ. ಲಡಾಯಿಯ ಕಾಲದಲ್ಲಿ ಕಪ್ಪತ್ತಗುಡ್ಡಕ್ಕೆ ಮಿಲಿಟರಿ ವಿಮಾನವೊಂದು ಮಂಜಿನಲ್ಲಿ ಬಡಿದು ಸುಟ್ಟುಹೋಯಿತೆಂದು ಮುಂಡರಗಿಯ ಕಡೆಯವರು ಹೇಳುತ್ತಾರೆ. ಒಬ್ಬರು ಮೂವರು ಸತ್ತರೆನ್ನುತ್ತಾರೆ, ಒಬ್ಬರು ಯಾರೂ ಇರಲೇ ಇಲ್ಲವೆನ್ನುತ್ತಾರೆ. ಅವತ್ತು ಗುಡ್ಡದ ಮೇಲಿದ್ದ ಕುರುಬರ ಅಜ್ಜನನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ನಾ ಕುರಿ ನೋಡಾಕತ್ತಿದ್ನೆವ್ವಾ, ಮುಗಲ ನೋಡ್ಲಿಲ್ಲ" ಎಂದ. ನನಗೆ ಸಿಕ್ಕ ಸಾಕ್ಷಿಗಳಲ್ಲಿ ನಂಬಿಕೆಗೆ ಯೋಗ್ಯನಾದವನು ಅವನೊಬ್ಬನೇ. ಶಿರಹಟ್ಟಿಯ ಹತ್ತಿರ ಯಾರೋ ಸಾಹುಕಾರರ ಖಾಸಗಿ ವಿಮಾನ ಎಣ್ಣೆ ತೀರಿ ಹತ್ತಿಯ ಹೊಲದಲ್ಲಿ ಇಳಿಯಿತಂತೆ. ರೆಕ್ಕೆ ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲವಂತೆ. ಊರಿನವರೆಲ್ಲ ಮನೆಮನೆಯಿಂದ ಚಿಮಣಿ ಎಣ್ಣೆ ತಂದು ಸಾಲಾಗಿ ನಿಂತರಂತೆ. ಈ ಕಥೆ ಸುಳ್ಳಾದರೂ ನನಗೆ ಪ್ರೀತಿ. ನಮ್ಮ ಮಂದಿ ಹಾಗೆ ನಿಲ್ಲುವವರೇ.

ಆದರೆ ಯಳವತ್ತಿಯದನ್ನು ನಾನು ಈ ಅಂತೆಕಂತೆಗಳ ಪಕ್ಕದಲ್ಲಿಟ್ಟು ನಗಲಾರೆ. ಅವತ್ತು ಆ ಹೊಲದಲ್ಲಿ ನಾನಿದ್ದೆ. ನನಗೆ ಆಗ ಎಂಟು ವರ್ಷ.

ಚಿಗವ್ವನ ದನಿಯ ಬಗ್ಗೆ ಮೊದಲು ಹೇಳಬೇಕು. ಅವಳು ಆಗ ಹದಿನೆಂಟರವಳು. ನಮ್ಮಪ್ಪನ ನೌಕರಿ ಗದಗಿನಲ್ಲಿ, ಆದರೆ ಹಬ್ಬಕ್ಕೆ, ಸೂಟಿಗೆ ನಾನು ಯಳವತ್ತಿಯಲ್ಲಿ ಅಜ್ಜನ ಮನೆಯಲ್ಲೇ. ಬಿಸಿಲೇರುವ ಹೊತ್ತಿಗೆ ಹೊಲಕ್ಕೆ ಬುತ್ತಿ ಬರುತ್ತಿತ್ತು. ನಾನು ಎಲ್ಲೋ ಮೂರು ಹೊಲ ಆಚೆ ಕಡಲೆಗಿಡ ಕಿತ್ತು ತಿನ್ನುತ್ತ ಕುಳಿತಿರುತ್ತಿದ್ದೆ. "ಶಾಂತೀ, ಉಣ್ಣಾಕ ಬಾ" ಎಂಬ ಕೂಗು ಜೋಳದ ತೆನೆಗಳ ಮೇಲಿಂದ ತೇಲಿ ಬರುತ್ತಿತ್ತು. ಶಾಂತಿ ಎಂದು ನನಗೆ ಹೆಸರಿಟ್ಟವರು ಭವಿಷ್ಯ ಬಲ್ಲವರಲ್ಲ, ಇರಲಿ. ಆ ಕೂಗಿನಲ್ಲಿ ಕೊನೆಯ "ಬಾ" ಸ್ವಲ್ಪ ಏರಿ, ಅಲ್ಲೇ ನಿಂತು ನಮ್ಮನ್ನು ಕಾಯುತ್ತಿತ್ತು. ಹಸಿವಿಲ್ಲದವರಿಗೂ ಹಸಿವಾಗುತ್ತಿತ್ತು. ದಾರಿಯಲ್ಲಿ ಹೋಗುವ ಬಳೆಗಾರ, ಎತ್ತು ಹೊಡೆದುಕೊಂಡು ಹೋಗುವ ಗುರುತಿಲ್ಲದ ಮುದುಕ, ಯಾರನ್ನೂ ಅವಳು ಬಿಟ್ಟವಳಲ್ಲ. "ಇಕಿ ಕರ್ಯಾಕ ನಿಂತ್ರ ನಮ್ಮ ಬುತ್ತಿ ನಮಗ ಸಾಲೂದಿಲ್ಲ" ಎಂದು ಅಜ್ಜ ಗೊಣಗುತ್ತಿದ್ದ. ಗೊಣಗುತ್ತಲೇ ಸರಿದು ಬಂದವರಿಗೆ ಜಾಗ ಮಾಡುತ್ತಿದ್ದ.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಎಳ್ಳಮಾವಾಸ್ಯೆ. ಚಿಗವ್ವ ಮುಂಡರಗಿಗೆ ಮದುವೆಯಾಗಿ ಹೋಗಿ, ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ನಮ್ಮ ಕಡೆ ಅವತ್ತು ಮನೆಗೆ ಬೀಗ ಹಾಕಿ ಚಕ್ಕಡಿ ಹೂಡಿ ಎಲ್ಲರೂ ಹೊಲಕ್ಕೆ ಹೋಗುವುದು. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಅಂದರೆ ಅಡುಗೆಯನ್ನೆಲ್ಲ ಕಲಸಿ ಭೂಮಿತಾಯಿಗೆ ಎರಚಿ, ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಮಾದಲಿ, ಶೇಂಗಾ ಹೋಳಿಗೆ. ಅವತ್ತಿನ ಕಟ್ಟಳೆ ಒಂದೇ. ಹೊಲದ ಮುಂದೆ ಹಾದುಹೋಗುವವರು ಯಾರೇ ಇರಲಿ, ಕರೆದು ಉಣ್ಣಿಸಬೇಕು. ಕರೆದದ್ದಕ್ಕೆ ಬಂದವನ ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಅವನೊಡನೆ ಹಳೆಯ ಜಗಳವಿದ್ದರೂ ಅವತ್ತು ಎತ್ತುವುದಿಲ್ಲ. ಊಟದ ಕರೆಗೆ ಬಂದವರ ಮೇಲೆ ಕೈ ಎತ್ತಿದರೆ ಆ ಹೊಲ ಮೂರು ವರ್ಷ ಬೆಳೆಯುವುದಿಲ್ಲ ಎಂದು ನಂಬಿಕೆ. ನಾನು ನಂಬುವುದಿಲ್ಲ. ಆದರೆ ಇಂಥ ನಂಬಿಕೆಯನ್ನು ಕಟ್ಟಿದವನು ಜಾಣ.

ಚರಗ ಮುಗಿದಿತ್ತು. ಊಟಕ್ಕೆ ಕೂಡುವ ಹೊತ್ತಿಗೆ ಲಕ್ಷ್ಮೇಶ್ವರದ ದಿಕ್ಕಿನಿಂದ ಸದ್ದು ಬಂತು. ವಿಮಾನವನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಅದು ಮಿಲಿಟರಿಯದೋ ಖಾಸಗಿಯದೋ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ಎತ್ತುಗಳು ಬೆದರಿ ಹಗ್ಗ ಜಗ್ಗಿದವು. ಅವ್ವ ನನ್ನ ರಟ್ಟೆ ಹಿಡಿದು ಏನೋ ಬೈದಳು, ಬಾಯಿ ಆಡಿದ್ದಷ್ಟೇ ಕಂಡಿತು. ಅಜ್ಜ ಕೈಸನ್ನೆಯಿಂದ ಮೇಲೆ ತೋರಿಸಿ, ಚಿಗವ್ವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. ಏನೆಂದನೆಂಬುದು ಆಮೇಲೆ ಊರಿಗೆಲ್ಲ ಗೊತ್ತಾಯಿತು: "ಎಲ್ಲಾರನ್ನೂ ಕರದಿ, ಅಂವೊಬ್ಬ ಉಳದಾನ ನೋಡು."

ಎತ್ತಿನ ಕೊರಳ ಗೆಜ್ಜೆ ಒಮ್ಮೆ ಗಲಗಲಿಸಿತು, ಚಿಗವ್ವ ಎದ್ದಳು. ಜೋಳ ನಿಂತ ಹೊಲವನ್ನು ಬಿಟ್ಟು, ಅದರಾಚೆ ಶೇಂಗಾ ಕಿತ್ತು ಬಯಲಾಗಿದ್ದ ಪಟ್ಟಿಗೆ ಓಡಿದಳು. ಅಲ್ಲಿ ನಡುವೆ ನಿಂತು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. "ಬರ್ರೀ, ಊಟಕ್ಕ ಬರ್ರೀ." ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಜ್ಜನಂತೂ ಕಣ್ಣೀರು ಒರೆಸಿಕೊಂಡ. ನಗು ಇನ್ನೂ ಮುಗಿದಿರಲಿಲ್ಲ, ವಿಮಾನ ಒಂದು ಸುತ್ತು ಹೊಡೆದು ಆ ಬಯಲು ಪಟ್ಟಿಯ ಮೇಲೆಯೇ ಇಳಿಯಿತು. ಚಿಗವ್ವ ಪಕ್ಕಕ್ಕೆ ಹಾರಿದಳು. ಅದು ನೆಲ ಮುಟ್ಟಿ, ಧೂಳೆಬ್ಬಿಸಿಕೊಂಡು ಬಹಳ ದೂರ ಓಡಿ, ಹೊಲದಂಚಿನ ಮಣ್ಣಿನ ಒಡ್ಡಿಗೆ ಬಡಿದು, ಮೂಗು ಊರಿ ಮಗುಚಿತು.

ಮುಂದೆ ಕುಳಿತಿದ್ದ ಹಿರಿಯ ಅಲ್ಲಿಯೇ ತೀರಿಕೊಂಡಿದ್ದ. ಹಿಂದಿನವನನ್ನು ಅಜ್ಜ, ಮಾಮಾ ಸೇರಿ ಹೊರಗೆಳೆದರು. ಮೀಸೆ ಸರಿಯಾಗಿ ಮೂಡದ ಹುಡುಗ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನ ಮಾತು ನಮಗೆ ತಿಳಿಯದು, ನಮ್ಮದು ಅವನಿಗೆ. ಬನ್ನಿಗಿಡದ ನೆರಳಿಗೆ ತಂದು ಕೂರಿಸಿ ಚಿಗವ್ವ ನೀರು ಕೊಟ್ಟಳು. ಅಷ್ಟರಲ್ಲಿ ಸುತ್ತಲಿನ ಹೊಲಗಳಿಂದ ಜನ ಬಂದರು. ಆ ಚಳಿಗಾಲ ನಮ್ಮ ಕಡೆ ಹೇಗಿತ್ತೆಂದು ನೆನಪಿದ್ದವರಿಗೆ ಹೇಳಬೇಕಿಲ್ಲ. ತುಂಗಭದ್ರೆಯ ಕಡೆಯಿಂದ, ಹೈದರಾಬಾದಿನ ಗಡಿಯಿಂದ ದಿನಕ್ಕೊಂದು ಲೂಟಿಯ ಖಬರು ಬರುತ್ತಿತ್ತು, ಅರ್ಧ ಖರೆ, ಅರ್ಧ ಭಯ. ಯಾರೋ ಒಬ್ಬ "ಇದು ಹೈದರಾಬಾದಿನವರಿಗೆ ಬಂದೂಕ ಹೊತಗೊಂಡು ಹೊಂಟ ವಿಮಾನ, ಇಂವ ಅವರ ಪೈಕಿ" ಎಂದ. ಇನ್ನೊಬ್ಬ ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದ. ಮೂರನೆಯವನ ಕೈಯಲ್ಲಿ ಚಕ್ಕಡಿಯ ಗೂಟವಿತ್ತು.

"ಸರೀಬೇ ನೀಲವ್ವ, ಬಾಜೂಕ."

ಚಿಗವ್ವ ಸರಿಯಲಿಲ್ಲ. ಗೂಟದ ಮುಂದೆಯೇ ಬಂದು ನಿಂತಳು.

"ಇವರನ್ನ ಕರದಾಕಿ ನಾನು," ಎಂದಳು. "ಉಣ್ಣಾಕ ಕರದೇನಿ. ಕರದದ್ದಕ್ಕ ಬಂದಾರ. ಇವತ್ತ ಎಳ್ಳಮಾಸಿ ಐತಿ, ಕೈ ಎತ್ತೋರು ಎತ್ರಿ ನೋಡೂಣು."

ಯಾರೂ ಎತ್ತಲಿಲ್ಲ. ಅಜ್ಜ ಒಂದು ತಾಟಿನಲ್ಲಿ ರೊಟ್ಟಿ, ಎಣಗಾಯಿ, ಮಾದಲಿ ಇಟ್ಟು ಹುಡುಗನ ಮುಂದೆ ತಂದಿಟ್ಟ. ಅವನು ಅಳುತ್ತ ತಿಂದ. ಗೂಟ ಹಿಡಿದವನೂ ಸ್ವಲ್ಪ ಹೊತ್ತಿಗೆ ಅದನ್ನು ಕಾಲ ಕೆಳಗೆ ಹಾಕಿಕೊಂಡು ಊಟಕ್ಕೆ ಕುಳಿತ. ಸಂಜೆಯ ಹೊತ್ತಿಗೆ ಎರಡು ಕಡೆಯ ಸಿಪಾಯಿಗಳು ಬಂದರು, ಯಾಕೆಂದರೆ ಆ ಒಡ್ಡಿನ ಈಚೆ ಚಿಕ್ಕ ಸಂಸ್ಥಾನವೊಂದರ ಸೀಮೆ, ಆಚೆ ಮುಂಬಯಿ ಸರಕಾರದ್ದು. ವಿಮಾನದ ಬಾಲ ಇಲ್ಲಿ, ಮೂಗು ಅಲ್ಲಿ. "ಮೂಗ ಎಲ್ಲಿ ಐತಿ ಅಲ್ಲೇ ಪಂಚನಾಮೆ" ಎಂದು ಒಬ್ಬ, "ಬಾಲ ಬಿಟ್ಟು ಮೂಗ ಹೆಂಗ ಒಯ್ಯತಿ" ಎಂದು ಇನ್ನೊಬ್ಬ. ನಾನು ಕೇಳಿದ ಮೊದಲ ಚರ್ಚಾಸ್ಪರ್ಧೆ ಅದು. ತೀರ್ಪು ಆಗಲಿಲ್ಲ. ಹುಡುಗನನ್ನು, ಹೆಣವನ್ನು ಒಂದೇ ಬಂಡಿಯಲ್ಲಿ ಗದಗಿಗೆ ಒಯ್ದರು. ಆ ಹುಡುಗ ಆಮೇಲೆ ಏನಾದನೋ ನಮಗೆ ತಿಳಿಯಲಿಲ್ಲ.

ಅದಾದ ಎಂಟು ದಿನಕ್ಕೆ ಊರಿನಲ್ಲಿ ಉಳಿದದ್ದು ನಾಲ್ಕೇ ಮಾತು. ಕರೆದಳು, ಬಂದ, ಬಿದ್ದ, ಸತ್ತ. ಗೂಟ ಎತ್ತಿದವರು ತಮ್ಮ ಗೂಟದ ಭಾಗವನ್ನು ಕಥೆಯಿಂದ ತೆಗೆದದ್ದು ಸಹಜ. ಮನುಷ್ಯರು ತಾವು ಚೆನ್ನಾಗಿ ಕಾಣದ ಜಾಗವನ್ನು ಕಥೆಯಲ್ಲಿ ಉಳಿಸುವುದಿಲ್ಲ. ಕೆಲವರು ಆಟಕ್ಕೆ ಹೇಳಿದರು, ಕೆಲವರು ನಿಜವಾಗಿ ಹೆದರಿ ಹೇಳಿದರು: "ಆಕಿ ಬಾಯಾಗ ಏನೋ ಐತಿ. ಆಕಿ ಕರದ್ರ ಹೋಗಬಾರ್ದು."

ಚಿಗವ್ವ ಯಾರೊಡನೆಯೂ ವಾದ ಮಾಡಲಿಲ್ಲ. ಕರೆಯುವುದನ್ನು ಬಿಟ್ಟಳು, ಅಷ್ಟೇ. ಇದು ಎಷ್ಟು ದೊಡ್ಡ ಸಂಗತಿ ಎಂಬುದು ನಮ್ಮ ಕಡೆಯವರಿಗೇ ಗೊತ್ತು. ಮನೆಯ ಹೆಣ್ಣುಮಗಳು ಬಾಯಿಬಿಟ್ಟು "ಬರ್ರಿ, ಊಟಕ್ಕ ಕುಂಡ್ರಿ" ಎನ್ನದಿದ್ದರೆ ಬಂದವರು ಉಪವಾಸ ಎದ್ದು ಹೋಗುತ್ತಾರೆ, ತಾಟು ಮುಂದಿದ್ದರೂ ಮುಟ್ಟುವುದಿಲ್ಲ. ಮುಂಡರಗಿಯಲ್ಲಿ ಅವಳ ಗಂಡನಿಗೆ ಕಿರಾಣಿ ಅಂಗಡಿ. ಆ ಕಾಕಾ ಒಳ್ಳೆಯವನು. ಉಣ್ಣುವ ಹೊತ್ತಿಗೆ ಅಂಗಡಿ ಬಿಟ್ಟು ಓಡಿ ಬಂದು ಹೆಂಡತಿಯ ಪರವಾಗಿ ತಾನೇ ಕರೆಯುತ್ತಿದ್ದ. "ಬರ್ರಿ ಬರ್ರಿ, ಆಕೀದು ಗಂಟಲ ಸರಿ ಇಲ್ಲ" ಎಂದು ಒಂಬತ್ತು ವರ್ಷ ಒಂದೇ ನೆಪ ಹೇಳಿದ. ನನ್ನ ಪಾಲಿಗೆ ಬಂದದ್ದೂ ಹೇಳುತ್ತೇನೆ. ಮರುವರ್ಷ ಅದೇ ಹೊಲದಲ್ಲಿ ಕಡಲೆಗಿಡದ ನಡುವೆ ಕುಳಿತು, ಆ ಕೂಗಿಗಾಗಿ ಕಿವಿ ಇಟ್ಟು ಕಾದೆ. ಬಹಳ ಹೊತ್ತಿನ ಮೇಲೆ ಹೆಗಲ ಮೇಲೆ ಒಂದು ಕೈ ಬಿತ್ತು. ಕರೆಯಲಾರದೆ ಅವಳು ಮೂರು ಹೊಲ ನಡೆದು ಬಂದಿದ್ದಳು. ಊಟಕ್ಕೆ ಏಳು ಎಂದು ಹೆಗಲು ಮುಟ್ಟಿ ಹೇಳಿದಳು.

ನಾನು ಬೆಳೆದೆ. ಗದಗಿನ ಕಾಲೇಜು ಸೇರಿದೆ. ಮಾತಾಡಲು ಕಲಿತೆ ಎಂದರೆ ಅವ್ವ ಒಪ್ಪುವುದಿಲ್ಲ, "ಹುಟ್ಟಿದಾಗಿಂದ ಮಾತಾಡ್ಯಾಳ, ಈಗ ಗಂಟಿ ಹೊಡದು ನಿಲ್ಲಿಸೋರು ಸಿಕ್ಕಾರ, ಅಷ್ಟ" ಎನ್ನುತ್ತಾಳೆ. ಕರ್ನಾಟಕದ ಏಕೀಕರಣ ಬೇಕೆಂದು ಒಂದು ಊರಿನಲ್ಲಿ, ಈಗಲೇ ಬೇಡವೆಂದು ಇನ್ನೊಂದು ಊರಿನಲ್ಲಿ ವಾದಿಸಿ ಎರಡರಲ್ಲೂ ಬಹುಮಾನ ತಂದವಳು ನಾನು. ಏಕೀಕರಣ ನನ್ನನ್ನು ಕೇಳದೆಯೇ ಆಯಿತು. ರಾಜ್ಯ ಒಂದಾದ ಆ ಚಳಿಗಾಲದಲ್ಲೇ ಮುಂಡರಗಿಯಿಂದ ಕಾಕಾ ಬರೆದ ಕಾರ್ಡು ಬಂತು. ಅವನ ತಂಗಿಗೆ ಕುಬಸ ಮಾಡಬೇಕು. ಬಸುರಿಯ ಕುಬಸಕ್ಕೆ ಅಣ್ಣನ ಹೆಂಡತಿಯೇ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ ಹೆಂಗಸರನ್ನು ಕರೆದು ಬರುವುದು ಪದ್ಧತಿ. ಚಿಗವ್ವ ಒಲ್ಲೆನೆಂದಿದ್ದಳು. ಅತ್ತೆ ಕಡೆಯ ಮಾತು ಆಡಿದ್ದಳಂತೆ: "ಕರಿಯೋ ಬಾಯಿ ಇಲ್ಲದ ಸೊಸಿ ಇದ್ದೇನು, ಬಿಟ್ಟೇನು. ಈ ಸಲ ಕರೀಲಿಲ್ಲಂದ್ರ ಯಳವತ್ತ್ಯಾಗ ಹೋಗಿ ಇದ್ದುಬಿಡಲಿ."

ನಾನು ಮರುದಿನದ ಬಸ್ಸು ಹಿಡಿದೆ. ಹೆದರಿ ಹೋದೆನೆಂದುಕೊಳ್ಳಬೇಡಿ. ದಾರಿಯುದ್ದಕ್ಕೂ ವಾದ ಜೋಡಿಸುತ್ತ, ಬಹಳ ಉತ್ಸಾಹದಿಂದ ಹೋದೆ.

ಚಿಗವ್ವ ಹಿತ್ತಲಲ್ಲಿ ಮೊರ ಹಿಡಿದು ತೊಗರಿಬೇಳೆಯ ಹಳ್ಳು ಆರಿಸುತ್ತಿದ್ದಳು. ನಾನು ಎದುರಿಗೆ ನಿಂತೆ. ಕೂತು ವಾದಿಸಲು ನನಗೆ ಬರುವುದಿಲ್ಲ.

"ಚಿಗವ್ವಾ, ನಾ ಕೇಳಿದ್ದಕ್ಕಷ್ಟ ಹೇಳು. ಅವತ್ತ ನೀ ವಿಮಾನ ಕರದದ್ದು ಅಜ್ಜಗ ಕೇಳ್ತೋ ಇಲ್ಲೋ?"

"ಕೇಳೇ ನಕ್ಕಾನಲ್ಲ."

"ಅವ್ವಗ ಕೇಳ್ತು?"

"ಕೇಳ್ತು. ನಿಂದರಬ್ಯಾಡ, ಕುಂಡ್ರು. ನನಗ ಬೆಳಕ ಮರಿ ಆಗ್ತೈತಿ."

ನಾನು ಒಂದು ಹೆಜ್ಜೆ ಸರಿದೆ, ಕುಳಿತುಕೊಳ್ಳಲಿಲ್ಲ. "ಅದಕ್ಕ ಜರಾ ಮೊದಲ ಅವ್ವ ನನ್ನ ರಟ್ಟಿ ಹಿಡದು, ಇಷ್ಟ ಹತ್ತರ ನಿಂತು ಬೈದ್ಲು. ನನಗ ಒಂದಕ್ಷರ ಕೇಳ್ಲಿಲ್ಲ. ವಿಮಾನದ ಸಪ್ಪಳ ಅಷ್ಟಿತ್ತು. ಹಂಗಿದ್ದ ಮ್ಯಾಲ ನೀ ಅಷ್ಟ ದೂರ, ಶೇಂಗಾದ ಪಟ್ಟ್ಯಾಗ ನಿಂತು ಕರದದ್ದು ನಮಗೆಲ್ಲಾ ಹೆಂಗ ಕೇಳ್ತು?"

ಅವಳ ಬೆರಳು ಬೇಳೆಯಲ್ಲಿ ಆಡುತ್ತಲೇ ಇತ್ತು.

"ನಾ ಹೇಳ್ತೇನಿ ಕೇಳು. ನೀ ಕರಿಯೂಕಿಂತ ಮೊದಲ ಎತ್ತಿನ ಕೊರಳಾನ ಗೆಜ್ಜಿ ಕೇಳಿದ್ವು. ನನಗ ಇವತ್ತಿಗೂ ಕಿವ್ಯಾಗ ಐತಿ. ಗೆಜ್ಜಿ ಕೇಳ್ತಾವಂದ್ರ ಸಪ್ಪಳ ನಿಂತಿತ್ತು. ಇಂಜಿನ್ನು ಬಂದ್ ಬಿದ್ದಿತ್ತು ಚಿಗವ್ವಾ. ಅದು ಮೊದಲ ಬೀಳಾಕ ಹತ್ತಿತ್ತು. ಕರದದ್ದು ಆಮ್ಯಾಲ. ನೀ ಕರದಿದ್ರೂ ಬೀಳತಿತ್ತು, ಕರೀದಿದ್ರೂ ಬೀಳತಿತ್ತು. ಕರದದ್ದಕ್ಕ ಬಂದ, ಬಂದದ್ದಕ್ಕ ಸತ್ತ ಅನ್ನೂದು ಬುಡಾನ ಇಲ್ಲದ ಮಾತು."

ಇದಕ್ಕಿಂತ ಚಲೋ ವಾದವನ್ನು ನಾನು ಯಾವ ವೇದಿಕೆಯ ಮೇಲೂ ಮಾಡಿಲ್ಲ. ಚಿಗವ್ವ ಒಂದು ಹಳ್ಳು ಆರಿಸಿ ಎಸೆದಳು.

"ಮುಗೀತೇನು?"

"ಮುಗೀತು."

"ಚಲೋ ಮಾತಾಡ್ತಿ ಬೇ. ಹಿಂಗ ಮಾತಾಡಿದ್ದಕ್ಕ ಕಪ್ಪು ಕೊಡ್ತಾರ?"

"ಕೊಡ್ತಾರ."

ಅವಳು ಮೊರವನ್ನು ಒಮ್ಮೆ ಕೇರಿ ಕೆಳಗಿಟ್ಟಳು. "ಇದನ್ನ ನಮ್ಮತ್ತಿ ಮುಂದ ಹೇಳ್ತಿಯೇನು? ಹಿಂಗ, ನಿಂತಗೊಂಡ?"

ಹೇಳಿದೆ. ಅತ್ತೆಯ ಮುಂದೆ, ಕಾಕಾನ ಮುಂದೆ, ಗೋಡೆಯಾಚೆ ಕಿವಿಯಿಟ್ಟಿದ್ದ ಬಾಜೂ ಮನೆಯವರ ಮುಂದೆ, ಮೂರು ಸಲ ಹೇಳಿದೆ. ಗೆಜ್ಜೆಯ ಮಾತು ಎಲ್ಲರಿಗೂ ನಾಟಿತು. ಎತ್ತು ಕಟ್ಟಿದವರಿಗೆ ಗೆಜ್ಜೆಯ ಸಾಕ್ಷಿ ಎಂದರೆ ದೊಡ್ಡ ಸಾಕ್ಷಿ. "ಹಂಗಾರ ಅದು ತನ್ನಷ್ಟಕ್ಕ ತಾನ ಬಿದ್ದದ್ದು ಅನ್ನು," ಎಂದಳು ಅತ್ತೆ, ಸ್ವಲ್ಪ ನಿರಾಸೆಯಿಂದಲೇ. ಇಷ್ಟು ವರ್ಷದ ಕಥೆ ಕೈಬಿಟ್ಟಿತಲ್ಲ. ಮರುದಿನ ಮುಂಜಾನೆ ಚಿಗವ್ವ ಮಿಂದು, ಇಳಕಲ್ಲ ಸೀರೆ ಉಟ್ಟು, ಭರಣಿ ಹಿಡಿದು ಹೊರಬಿದ್ದಳು. ನಾನು ಹಿಂದೆ ಹೋದೆ. ಮೊದಲ ಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಗಂಟಲು ಸರಿ ಮಾಡಿಕೊಂಡು, "ಶುಕ್ರವಾರ ಕುಬಸ ಐತ್ರಿ, ಎಲ್ಲಾರೂ ಊಟಕ್ಕ ಬರ್ರಿ" ಎಂದಳು. ನಾನು ಒಂಬತ್ತು ವರ್ಷ ಕಾದಿದ್ದ ದನಿ. ಅದೇ ದನಿ ಎಂದರೆ ಸುಳ್ಳಾದೀತು. ಕೊನೆಯಲ್ಲಿ ಏರಿ ಕಾಯುತ್ತಿದ್ದ ಭಾಗ ಅದರಲ್ಲಿ ಇರಲಿಲ್ಲ. ಕರೆದು, ಕುಂಕುಮ ಕೊಟ್ಟು, ಮುಂದಿನ ಮನೆಗೆ ನಡೆಯುವ ದನಿ. ಆದರೂ ಜನ ಬಂದರು, ಉಂಡರು, ಅತ್ತೆ ಮಾತಾಡುವುದನ್ನು ನಿಲ್ಲಿಸಿದಳು. ನಾನು ಗೆದ್ದೆ.

ಗೆದ್ದವರು ಬಸ್ಸಿನಲ್ಲಿ ಒಬ್ಬರೇ ಕುಳಿತು ಯೋಚಿಸಬಾರದು. ಗದಗಿಗೆ ಹಿಂದಿರುಗುವಾಗ ಡಂಬಳದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇಂಜಿನ್ನಿನ ಸದ್ದು ನಿಂತದ್ದೇ ತಡ, ಅಕ್ಕಪಕ್ಕದ ಹೊಲದ ಹಕ್ಕಿಗಳೆಲ್ಲ ಒಮ್ಮೆಲೇ ಕೇಳಿದವು. ಬಸ್ಸಿನೊಳಗಿದ್ದ ಪ್ರತಿಯೊಬ್ಬರೂ ತಲೆ ಎತ್ತಿದರು. ಮಲಗಿದ್ದವರೂ ಎದ್ದರು. ನಿಂತ ಸದ್ದು ಯಾರಿಗೂ ಕೇಳದೆ ಇರುವುದಿಲ್ಲ. ಆಗ ಹೊಳೆಯಿತು: ನಾನು ಅಷ್ಟು ದೊಡ್ಡದಾಗಿ ಬಿಚ್ಚಿ ತೋರಿಸಿದ ರಹಸ್ಯಕ್ಕೆ ಚಿಗವ್ವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

ಎಂಟು ವರ್ಷದ ಹುಡುಗಿಗೆ ಕೇಳಿದ ಗೆಜ್ಜೆ ಹದಿನೆಂಟರವಳಿಗೆ ಕೇಳದಿರಲು ಅವಳೇನು ಕಿವುಡಿಯೇ? ಆ ದಿನವನ್ನು ಇನ್ನೊಮ್ಮೆ ಮೊದಲಿನಿಂದ ನೋಡಿದೆ. ಅಜ್ಜ ಚೇಷ್ಟೆ ಮಾಡಿದಾಗ ಸದ್ದಿತ್ತು; ಆಗ ಅವಳು ಏಳಲಿಲ್ಲ. ಸದ್ದು ನಿಂತ ಮೇಲೆ ಎದ್ದಳು. ನಾವೆಲ್ಲ ನಗುತ್ತಿದ್ದೆವು, ಅವಳು ನಗುತ್ತಿರಲಿಲ್ಲ. ಚೇಷ್ಟೆಗೆ ಕರೆಯುವವಳು ಕುಳಿತಲ್ಲಿಂದಲೇ ಕೈ ಬೀಸುತ್ತಾಳೆ. ಇವಳು ಆಳೆತ್ತರ ಜೋಳ ನಿಂತ ಹೊಲವನ್ನು ದಾಟಿ, ಇಡೀ ಸೀಮೆಯಲ್ಲಿ ಬಯಲಾಗಿದ್ದ ಒಂದೇ ಒಂದು ಪಟ್ಟಿಗೆ ಓಡಿಹೋಗಿ, ಅದರ ನಡುವೆ ನಿಂತು ಸೆರಗು ಬೀಸಿದಳು. ವಿಮಾನವೂ ಸುತ್ತು ಹೊಡೆದು ಅಲ್ಲಿಗೇ ಬಂತು. ಅದರ ತುದಿಗೆ ಒಡ್ಡಿರುವುದು ಮೇಲಿದ್ದವನಿಗೆ ಕಾಣಲಿಲ್ಲ. ಅವಳಿಗೆ, ಆ ಓಟದಲ್ಲಿ, ನೆನಪಾಗಲಿಲ್ಲವೋ ಏನೋ.

ಹಾಗಾದರೆ ಊರಿನವರ ನಾಲ್ಕು ಮಾತು ನಿಜವೇ. ಕರೆದಳು, ಬಂದ. ಗೂಟದ ಮುಂದೆ ನಿಂತು "ನಾ ಕರದೇನಿ" ಎಂದದ್ದು ಗಾಬರಿಯ ಮಾತಲ್ಲ, ಸುಳ್ಳೂ ಅಲ್ಲ. ಅವತ್ತಿಗೆ ಹೇಳಬಹುದಾದ ಪೂರ್ತಿ ಸತ್ಯ ಅದು. ಒಬ್ಬ ಉಳಿದ, ಒಬ್ಬ ಹೋದ. ಉಳಿದವನನ್ನು ಯಾರೂ ಅವಳ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳೂ ಹಿಡಿದುಕೊಂಡಂತೆ ಕಾಣಲಿಲ್ಲ. ನಾನಂತೂ ಅವಳು ಕರೆದದ್ದಕ್ಕೆ ಅರ್ಥವೇ ಇಲ್ಲ ಎಂದು ಮೂರು ಸಲ ನಿಂತು ಸಾಧಿಸಿದೆ. ಅದನ್ನು ಅವಳು ತಡೆಯಲಿಲ್ಲ. "ನಮ್ಮತ್ತಿ ಮುಂದ ಹೇಳು" ಎಂದಳು.

ಈ ವರ್ಷದ ಎಳ್ಳಮಾವಾಸ್ಯೆಗೆ ಚಿಗವ್ವ ಯಳವತ್ತಿಗೆ ಬಂದಿದ್ದಳು. ಊಟವಾಗಿ ಅಜ್ಜ ಚಕ್ಕಡಿಯ ನೆರಳಿನಲ್ಲಿ ಅಡ್ಡಾಗಿದ್ದ. ಅವ್ವ ಉಳಿದ ಹೋಳಿಗೆ ಕಟ್ಟುತ್ತಿದ್ದಳು. ನಾನೂ ಚಿಗವ್ವನೂ ತಾಟುಗಳನ್ನು ಹೊತ್ತು ಹಳ್ಳಕ್ಕೆ ಹೋದೆವು. ಅವಳು ಮಣ್ಣು ಹಚ್ಚಿ ತಿಕ್ಕಿ ಕೊಡುತ್ತಿದ್ದಳು, ನಾನು ತೊಳೆಯುತ್ತಿದ್ದೆ.

"ಯಾಕಬೇ, ಇವತ್ತ ಬಾಯಿಗೆ ಸೂಟಿ ಏನು?" ಎಂದಳು.

ನನಗೆ ಎದ್ದು ನಿಲ್ಲಬೇಕೆನಿಸಲಿಲ್ಲ. ನೀರಿನಲ್ಲಿ ಕೈ ಇಟ್ಟುಕೊಂಡೇ ಕೇಳಿದೆ.

"ಚಿಗವ್ವಾ, ಸಪ್ಪಳ ನಿಂತದ್ದು ಅವತ್ತ ನಿನಗ ಕೇಳಿತ್ತು, ಹೌದಲ್ಲೋ?"